ನ್ಯಾಯದ ಪಾಠವೂ ಸಂಬಳದ ಪುಸ್ತಕವೂ

ಚಿಕಾಗೋ ನಗರದ ಹೆಸರನ್ನು ನಮ್ಮ ಗಿರಣಿ ಕಾರ್ಮಿಕರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. 1886ನೆಯ ಇಸವಿ ಮೇ 1ರಂದು ಎಂಟು ಗಂಟೆಯ ದುಡಿಮೆಗಾಗಿ ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮೇ 4ರಂದು ಹೇಮಾರ್ಕೆಟ್ ಚೌಕದಲ್ಲಿ ರಕ್ತ ಹರಿಯಿತು. ಮರುವರುಷ ನಾಲ್ವರನ್ನು ಗಲ್ಲಿಗೇರಿಸಿದರು. ಪ್ರತಿ ಮೇ ದಿನದಂದು ನಾವು ಕೆಂಬಾವುಟ ಏರಿಸುವುದು ಆ ನೆನಪಿಗಾಗಿಯೇ. ಅದೇ ಚಿಕಾಗೋದಲ್ಲಿ ಹುಟ್ಟಿದವರೊಬ್ಬರು 2025ರ ಮೇ 8ರಂದು ಕ್ಯಾಥೊಲಿಕ್ ಕ್ರೈಸ್ತರ ಪರಮಗುರುಗಳಾಗಿ ಆಯ್ಕೆಯಾದರು. ಅವರು ಆರಿಸಿಕೊಂಡ ಹೆಸರು ಹದಿನಾಲ್ಕನೆಯ ಲಿಯೋ. ಹಿಂದೆ ಹದಿಮೂರನೆಯ ಲಿಯೋ ಕಾರ್ಮಿಕರ ವಿಷಯವಾಗಿ ಬರೆದ ಪತ್ರದ ನೆನಪಿಗಾಗಿಯೇ ಮುಖ್ಯವಾಗಿ ಈ ಹೆಸರನ್ನು ಇಟ್ಟುಕೊಂಡುದಾಗಿ ಅವರು ಎರಡು ದಿನಗಳ ಬಳಿಕ ತಮ್ಮ ಕಾರ್ಡಿನಲರಿಗೆ ತಿಳಿಸಿದರು.

ಇದರಲ್ಲಿ ನಮ್ಮ ಊರಿನ ಗಿರಣಿ ಕಾರ್ಮಿಕನಿಗೂ ಅಂಗಡಿಕಾರನಿಗೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧವಿದೆ. ನಮ್ಮ ವಾಚಕರಲ್ಲಿ ಹಲವರ ಮಕ್ಕಳು ಕಾನ್ವೆಂಟ್ ಶಾಲೆಗಳಿಗೆ ಹೋಗುತ್ತಾರೆ. ಹೆಂಡತಿಯ ಬಳೆ ಒತ್ತೆಯಿಟ್ಟು, ಸಂಘದಲ್ಲಿ ಸಾಲ ತೆಗೆದು ಫೀಜು ಕಟ್ಟುವವರು ಅವರಲ್ಲಿದ್ದಾರೆ. ಆ ಶಾಲೆಗಳಲ್ಲಿ ನೀತಿಬೋಧೆಯ ಹೊತ್ತಿನಲ್ಲಿ ಸಾಮಾಜಿಕ ನ್ಯಾಯದ ಪಾಠವೂ ನಡೆಯುತ್ತದೆ. ಬಡವರ ಮೇಲೆ ಕರುಣೆಯಿರಲಿ, ದುಡಿಯುವವನನ್ನು ಗೌರವಿಸಿ ಎಂದು ಮಕ್ಕಳಿಗೆ ಹೇಳಲಾಗುತ್ತದೆ. ಒಳ್ಳೆಯ ಮಾತು. ಆದರೆ ಆ ಪಾಠ ಹೇಳುವ ಉಪಾಧ್ಯಾಯಿನಿಗೆ ತಿಂಗಳ ಕೊನೆಗೆ ಏನು ಸಿಗುತ್ತದೆ? ತರಗತಿ ಗುಡಿಸುವ ಆಯಾಳಿಗೆ ಏನು ಸಿಗುತ್ತದೆ? ಈ ವಾರ ನಾವು ಎತ್ತಿಕೊಂಡಿರುವ ಪ್ರಶ್ನೆ ಇಷ್ಟೇ.

ಮೊದಲು ಆ ಪತ್ರದ ಮಾತು. 1891ನೆಯ ಇಸವಿ ಮೇ 15ರಂದು ಹೊರಟ ಅದರ ಹೆಸರು ‘ರೇರುಮ್ ನೊವಾರುಮ್’. ಹೊಟ್ಟೆಪಾಡಿಗಾಗಿ ಒಪ್ಪಿಕೊಂಡ ಮಾತ್ರಕ್ಕೆ ಯಾವ ಕೂಲಿಯೂ ನ್ಯಾಯವಾದ ಕೂಲಿ ಎನಿಸಿಕೊಳ್ಳುವುದಿಲ್ಲ. ಮಿತವಾಗಿ ಬಾಳುವ ದುಡಿಮೆಗಾರನ ಜೀವನಕ್ಕೆ ಸಾಕಾಗುವಷ್ಟು ಮಜೂರಿ ಕೊಡುವುದು ಧಣಿಯ ಧರ್ಮ. ಸಂಘ ಕಟ್ಟಿಕೊಳ್ಳುವುದು ಮನುಷ್ಯನಿಗೆ ಸಹಜವಾದ ಹಕ್ಕು, ಸರಕಾರವೂ ಅದನ್ನು ಕಿತ್ತುಕೊಳ್ಳಲಾಗದು. ಇವು ಅದರ ತಿರುಳು. ಅದೇ ಪತ್ರ ಸಮಾಜವಾದವನ್ನು ಕಟುವಾಗಿ ಖಂಡಿಸಿತ್ತು ಎಂಬುದನ್ನು ನಾವು ಮರೆಮಾಚುವುದಿಲ್ಲ. 1931ರಲ್ಲಿ ಹನ್ನೊಂದನೆಯ ಪಯಸ್ ಇನ್ನೂ ಮುಂದೆ ಹೋಗಿ, ಒಳ್ಳೆಯ ಕ್ಯಾಥೊಲಿಕನೂ ನಿಜವಾದ ಸಮಾಜವಾದಿಯೂ ಒಬ್ಬನೇ ಆಗಿರಲಾರ ಎಂದರು. ನಮಗೂ ಅವರಿಗೂ ಇರುವ ಭಿನ್ನಾಭಿಪ್ರಾಯ ದೊಡ್ಡದು. ಆದಕಾರಣ ನಾವು ಇಲ್ಲಿ ನಮ್ಮ ತಕ್ಕಡಿಯಲ್ಲಿ ಅವರನ್ನು ತೂಗುವುದಿಲ್ಲ. ಅವರದೇ ತಕ್ಕಡಿ ಸಾಕು.

ಆ ತಕ್ಕಡಿಯನ್ನು ಅವರಲ್ಲಿಯೇ ಪ್ರಾಮಾಣಿಕರಾದವರು ಹಿಂದೆಯೇ ಕೈಗೆತ್ತಿಕೊಂಡರು. 1971ರಲ್ಲಿ ರೋಮಿನಲ್ಲಿ ಸೇರಿದ ಬಿಷಪರ ಸಭೆ ‘ಜಗತ್ತಿನಲ್ಲಿ ನ್ಯಾಯ’ ಎಂಬ ಹೇಳಿಕೆ ಹೊರಡಿಸಿತು. ಜನರಿಗೆ ನ್ಯಾಯ ಹೇಳಹೊರಟವರು ಮೊದಲು ಆ ಜನರ ಕಣ್ಣಿಗೆ ತಾವೇ ನ್ಯಾಯವಂತರಾಗಿ ಕಾಣಬೇಕು, ಚರ್ಚಿನ ಸೇವೆಯಲ್ಲಿ ದುಡಿಯುವವರಿಗೆ ಜೀವನಕ್ಕೆ ಸಾಕಾಗುವ ಸಂಬಳವೂ ಭದ್ರತೆಯೂ ಇರಬೇಕು ಎಂಬುದು ಅದರಲ್ಲಿಯೇ ಬರುವ ಮಾತು. ಎರಡು ವರುಷಗಳ ನಂತರ, 1973ರ ಜುಲೈ 31ರಂದು, ಜೆಸ್ವಿಟ್ ಸಂಘದ ಮುಖ್ಯಸ್ಥ ಪೆದ್ರೋ ಅರುಪೆ ಸ್ಪೇನಿನ ವೆಲೆನ್ಸಿಯಾದಲ್ಲಿ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಮುಂದೆ ನಿಂತರು. ಅಣುಬಾಂಬು ಬಿದ್ದಾಗ ಹಿರೋಶಿಮಾದಲ್ಲಿದ್ದು ಗಾಯಾಳುಗಳ ಶುಶ್ರೂಷೆ ಮಾಡಿದ ಮನುಷ್ಯ ಅವರು. ನಾವು ನಿಮ್ಮನ್ನು ನ್ಯಾಯಕ್ಕಾಗಿ ಬೆಳೆಸಿದ್ದೇವೆಯೇ ಎಂದು ಅವರು ತಮ್ಮನ್ನು ತಾವೇ ಕೇಳಿಕೊಂಡರು. ಇಲ್ಲ ಎಂದು ತಾವೇ ಉತ್ತರ ಕೊಟ್ಟರು. ಕೇಳುತ್ತಿದ್ದವರಲ್ಲಿ ಬಹುಮಂದಿ ಉಳ್ಳವರ ಮನೆಯವರು. ಹಲವರಿಗೆ ಆ ಮಾತು ಕಹಿಯಾಯಿತು. ಆದರೆ ಅಂದಿನಿಂದ ಜೆಸ್ವಿಟ್ ಶಾಲೆಗಳಲ್ಲಿ ‘ಪರರಿಗಾಗಿ ಬಾಳುವವರು’ ಎಂಬ ಮಾತು ಗೋಡೆಯ ಮೇಲೆ ಬರೆಯುವ ಧ್ಯೇಯವಾಯಿತು.

ಗೋಡೆಯ ಮೇಲೆ ಬರೆಯುವುದು ಸುಲಭ. ಸಂಬಳದ ಪುಸ್ತಕದಲ್ಲಿ ಬರೆಯುವುದು ಕಷ್ಟ. ಇದಕ್ಕೆ ಸಾಕ್ಷಿ ಬೇಕಾದವರು ಮತ್ತೆ ಚಿಕಾಗೋಕ್ಕೆ ಬರಬೇಕು.

ಅಲ್ಲಿನ ಧರ್ಮಪ್ರಾಂತ ನಡೆಸುತ್ತಿದ್ದ ಎರಡು ಕ್ವಿಗ್ಲಿ ಶಾಲೆಗಳ ಉಪಾಧ್ಯಾಯರೂ, ನೆರೆಯ ಇಂಡಿಯಾನಾ ಸಂಸ್ಥಾನದ ಐದು ಕ್ಯಾಥೊಲಿಕ್ ಪ್ರೌಢಶಾಲೆಗಳ ಉಪಾಧ್ಯಾಯರೂ 1970ರ ದಶಕದ ನಡುವಿನಲ್ಲಿ ಸಂಘ ಕಟ್ಟಿಕೊಂಡರು. ಇವರು ಪಾದ್ರಿಗಳಲ್ಲ, ಸಂಸಾರಸ್ಥರು. ಸರಕಾರದ ಕಾರ್ಮಿಕ ಸಂಬಂಧ ಮಂಡಳಿ ಮತದಾನ ನಡೆಸಿತು, ಸಂಘಗಳು ಗೆದ್ದವು. ಆಡಳಿತದವರು ಮಾತುಕತೆಗೆ ಕೂರಲು ಒಪ್ಪಲಿಲ್ಲ. ಮಂಡಳಿ ಅದನ್ನು ಅನ್ಯಾಯದ ವರ್ತನೆ ಎಂದು ತೀರ್ಮಾನಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1979ರ ಮಾರ್ಚ್ 21ರಂದು ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಚರ್ಚ್ ನಡೆಸುವ ಶಾಲೆಗಳ ಉಪಾಧ್ಯಾಯರನ್ನು ಕಾರ್ಮಿಕ ಕಾಯಿದೆಯೊಳಗೆ ತರಬೇಕೆಂದು ಶಾಸನಸಭೆ ಸ್ಪಷ್ಟವಾಗಿ ಹೇಳಿಲ್ಲ, ಆದ್ದರಿಂದ ಮಂಡಳಿಗೆ ಅಧಿಕಾರವಿಲ್ಲ ಎಂದು ಬಹುಮತದ ತೀರ್ಪು ಬಂತು. ಧರ್ಮಸ್ವಾತಂತ್ರ್ಯದ ತೊಡಕಿಗೆ ಸಿಕ್ಕಿಕೊಳ್ಳುವುದು ಬೇಡವೆಂಬುದು ಅದರ ಹಿಂದಿದ್ದ ಕಾರಣ.

ಇದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಆ ತೀರ್ಪು ಸಂಘ ಕಟ್ಟಬಾರದು ಎಂದು ಹೇಳಲಿಲ್ಲ. ಸಂಘವನ್ನು ಒಪ್ಪಬೇಡಿ ಎಂದು ಬಿಷಪರಿಗೆ ಅಪ್ಪಣೆಯನ್ನೂ ಕೊಡಲಿಲ್ಲ. ಕಾನೂನಿನ ಕೋಲು ಅಲ್ಲಿಗೆ ತಲುಪುವುದಿಲ್ಲ ಎಂದಿತು, ಅಷ್ಟೆ. ಕೋಲಿಲ್ಲದ ಕಡೆ ಉಳಿಯುವುದು ಆತ್ಮಸಾಕ್ಷಿ. 1891ರ ಪತ್ರವನ್ನು ತರಗತಿಯಲ್ಲಿ ಓದಿಸುವವರಿಗೆ ಕೋಲಿನ ಅಗತ್ಯ ಬೀಳಬಾರದಿತ್ತು. ಏಳು ವರುಷಗಳ ಮೇಲೆ, 1986ರಲ್ಲಿ, ಅಮೆರಿಕದ ಬಿಷಪರೇ ಒಟ್ಟಾಗಿ ಒಂದು ಪತ್ರ ಹೊರಡಿಸಿ, ಇತರ ಧಣಿಗಳಿಗೆ ಅನ್ವಯಿಸುವ ನೀತಿ ಚರ್ಚಿನ ಸಂಸ್ಥೆಗಳಿಗೂ ಅನ್ವಯಿಸುತ್ತದೆ, ನೌಕರರು ಸಂಘ ಕಟ್ಟಿ ಚೌಕಾಸಿ ಮಾಡುವ ಹಕ್ಕನ್ನು ಈ ಸಂಸ್ಥೆಗಳು ಪೂರ್ಣವಾಗಿ ಮನ್ನಿಸಬೇಕು ಎಂದು ಬರೆದರು. ತತ್ತ್ವದಲ್ಲಿ ಕೊರತೆಯಿಲ್ಲ. ಆಚರಣೆ ಮಾತ್ರ ಒಂದೊಂದು ಧರ್ಮಪ್ರಾಂತದಲ್ಲಿ ಒಂದೊಂದು ಬಗೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲವೆಂದು ತೋರುತ್ತದೆ.

ಇದು ದೂರದ ಅಮೆರಿಕದ ಕಥೆ ಎಂದು ಯಾರೂ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಪಕ್ಕದ ಗೋವೆಯಲ್ಲಿ ಸನ್ಯಾಸಿನಿಯರ ಸಂಘವೊಂದು ನಡೆಸುತ್ತಿದ್ದ ಶಾಲೆಯ ಉಪಾಧ್ಯಾಯಿನಿಯೊಬ್ಬರನ್ನು 1975ರಲ್ಲಿ ಕೆಲಸದಿಂದ ತೆಗೆಯಲಾಯಿತು. ತಮ್ಮ ವಿವಾದವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಒಪ್ಪಿಸಿ ಎಂದು ಆಕೆ ಕೇಳಿದರು. ಸರಕಾರ ಒಪ್ಪಲಿಲ್ಲ. ಈ ನಡುವೆ 1978ರಲ್ಲಿ, ನಮ್ಮ ಬೆಂಗಳೂರು ನೀರು ಸರಬರಾಯಿ ಮಂಡಳಿಯ ಮೊಕದ್ದಮೆಯಲ್ಲಿ, ಶಿಕ್ಷಣ ಸಂಸ್ಥೆಯೂ ಕಾನೂನಿನ ಕಣ್ಣಿಗೆ ಉದ್ಯಮವೇ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿತ್ತು. ಇನ್ನೇನು ಉಪಾಧ್ಯಾಯರಿಗೂ ಬಾಗಿಲು ತೆರೆಯಿತು ಎಂದು ಎಲ್ಲರೂ ಎಣಿಸಿದರು. 1988ರಲ್ಲಿ ಗೋವೆಯ ಆ ಮೊಕದ್ದಮೆಯ ತೀರ್ಪು ಬಂದಾಗ ಬಾಗಿಲು ಮತ್ತೆ ಮುಚ್ಚಿತು. ಶಾಲೆ ಉದ್ಯಮ ಹೌದು, ಆದರೆ ಉಪಾಧ್ಯಾಯ ‘ಕಾರ್ಮಿಕ’ನಲ್ಲ, ಪಾಠ ಹೇಳುವುದು ಉದಾತ್ತವಾದ ವೃತ್ತಿ, ಅದನ್ನು ಮೈಗೆಲಸ, ಗುಮಾಸ್ತೆ ಕೆಲಸ, ತಾಂತ್ರಿಕ ಕೆಲಸಗಳ ಸಾಲಿಗೆ ಸೇರಿಸಲಾಗದು ಎಂದಿತು ನ್ಯಾಯಾಲಯ. ಉಪಾಧ್ಯಾಯರ ಅಹವಾಲಿಗೆ ಬೇರೆ ಕಾನೂನು ಮಾಡುವುದು ಒಳಿತು ಎಂಬ ಸಲಹೆಯನ್ನೂ ಕೊಟ್ಟಿತು.

ಅಲ್ಲಿ ಧರ್ಮದ ಹೆಸರಿನ ಗೋಡೆ, ಇಲ್ಲಿ ಗೌರವದ ಹೆಸರಿನ ಗೋಡೆ. ಎರಡೂ ಕಡೆ ಉಪಾಧ್ಯಾಯ ಹೊರಗೇ ನಿಂತ. ಪವಿತ್ರ ವೃತ್ತಿ ಎಂದು ಹಾರ ಹಾಕಿದ ಕೈಯೇ ಅವನ ಅಹವಾಲಿನ ಕಾಗದವನ್ನು ಹಿಂದಕ್ಕೆ ಕೊಟ್ಟಿತು. ಹಾರದಿಂದ ಅಕ್ಕಿ ಬರುವುದಿಲ್ಲ. ಗಿರಣಿಯ ಕೂಲಿಗಾರನನ್ನು ಯಾರೂ ಪವಿತ್ರನೆಂದು ಕರೆಯಲಿಲ್ಲ. ಆದ್ದರಿಂದಲೇ ಅವನು ಜಗಳಾಡಿ ಬೋನಸ್ಸು, ಭವಿಷ್ಯನಿಧಿ, ರಜೆಗಳನ್ನು ಪಡೆದುಕೊಂಡನು.

ಈ ನೋವು ನಮಗೆ ಪುಸ್ತಕದಿಂದ ತಿಳಿದುದಲ್ಲ. ಪಕ್ಷದ ಕೆಲಸಕ್ಕೆ ಬರುವ ಮುನ್ನ ನಾವೂ ಸೀಮೆಸುಣ್ಣ ಹಿಡಿದವರು. ಒಂದು ಖಾಸಗಿ ಶಾಲೆಯಲ್ಲಿ ತಿಂಗಳ ಕೊನೆಯ ದಿನ ಒಂದು ಮೊತ್ತಕ್ಕೆ ರುಜು ಹಾಕಿ, ಅದಕ್ಕಿಂತ ಕಡಿಮೆ ಮೊತ್ತವನ್ನು ಎಣಿಸಿಕೊಂಡು ಹೊರಬಂದದ್ದುಂಟು. ಅಂದೇ ಮಧ್ಯಾಹ್ನ ಮಕ್ಕಳಿಗೆ ಸಂವಿಧಾನದ ಸಮಾನತೆಯ ಪಾಠ ಹೇಳಬೇಕಿತ್ತು. ಹೇಳಿದೆವು. ಆ ಶಾಲೆ ಕ್ರೈಸ್ತರದಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇವೆ. ಈ ರೋಗಕ್ಕೆ ಜಾತಿ ಮತಗಳ ಭೇದವಿಲ್ಲ. ಮಠಗಳು ನಡೆಸುವ ಶಾಲೆಗಳು, ಸಾಹುಕಾರರ ಟ್ರಸ್ಟಿನ ಶಾಲೆಗಳು, ಪುಢಾರಿಗಳ ಶಾಲೆಗಳು ಇವೆಲ್ಲಕ್ಕೂ ನಮ್ಮ ಪ್ರಶ್ನೆ ಅನ್ವಯಿಸುತ್ತದೆ. ಕ್ಯಾಥೊಲಿಕ್ ಶಾಲೆಗಳನ್ನು ಮೊದಲು ಕೇಳುತ್ತಿರುವುದಕ್ಕೆ ಕಾರಣ ಒಂದೇ: ನ್ಯಾಯವಾದ ಕೂಲಿಯನ್ನು ಧರ್ಮದ ಪಾಠವಾಗಿ ಬರೆದಿಟ್ಟುಕೊಂಡವರು ಅವರು. ಸಾಲ ಒಪ್ಪಿಕೊಂಡವನನ್ನೇ ಮೊದಲು ಕೇಳಬೇಕಲ್ಲವೆ?

ಖಾಸಗಿ ಶಾಲೆಗಳ ಸಂಬಳದ ಪ್ರಶ್ನೆ ರಾಜಕೀಯದ ಬೀದಿಗೆ ಇಳಿದ ಒಂದು ಪ್ರಸಂಗ ನಮ್ಮ ನೆರೆಯ ಕೇರಳದಲ್ಲಿ ನಡೆಯಿತು. 1957ರಲ್ಲಿ ಅಧಿಕಾರಕ್ಕೆ ಬಂದ ಕಮ್ಯುನಿಸ್ಟ್ ಮಂತ್ರಿಮಂಡಲದ ವಿದ್ಯಾಮಂತ್ರಿ ಜೋಸೆಫ್ ಮುಂಡಶ್ಶೇರಿ. ತ್ರಿಶೂರಿನ ಸೇಂಟ್ ಥಾಮಸ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು, ಹುಟ್ಟಿನಿಂದ ಕ್ಯಾಥೊಲಿಕರು. ಅನುದಾನಿತ ಶಾಲೆಗಳ ಉಪಾಧ್ಯಾಯರ ಸಂಬಳವನ್ನು ಸರಕಾರವೇ ನೇರವಾಗಿ ಕೊಡಬೇಕೆಂದು ಅವರ ಮಸೂದೆ ಹೇಳಿತು. ಉಪಾಧ್ಯಾಯರ ನೇಮಕವನ್ನು ಸರಕಾರದ ಪಟ್ಟಿಯಿಂದ ಮಾಡಬೇಕು, ಅಗತ್ಯವಾದರೆ ಶಾಲೆಗಳನ್ನು ಸರಕಾರ ವಹಿಸಿಕೊಳ್ಳಬಹುದು ಎಂಬ ವಿಧಿಗಳೂ ಇದ್ದವು. ಈ ಕೊನೆಯವುಗಳ ಬಗ್ಗೆ ಅಲ್ಪಸಂಖ್ಯಾತರಿಗೆ ಆತಂಕವಾದದ್ದು ಸಹಜ. ರಾಷ್ಟ್ರಪತಿಗಳು ಮಸೂದೆಯನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದರು. 1958ರ ಮೇ ತಿಂಗಳಲ್ಲಿ ಅಭಿಪ್ರಾಯ ಬಂದು ಕೆಲವು ವಿಧಿಗಳು ತಿದ್ದುಪಡಿಯಾದವು. ಆದರೂ 1959ರಲ್ಲಿ ‘ವಿಮೋಚನಾ ಸಮರ’ ಎಂಬ ಚಳುವಳಿ ಎದ್ದಿತು. ಕ್ಯಾಥೊಲಿಕ್ ಚರ್ಚ್, ನಾಯರ್ ಸರ್ವಿಸ್ ಸೊಸೈಟಿ, ಕಾಂಗ್ರೆಸ್, ಮುಸ್ಲಿಂ ಲೀಗ್ ಒಟ್ಟಾದವು. ಜುಲೈ 31ರಂದು ಕೇಂದ್ರ ಸರಕಾರ ಆ ಮಂತ್ರಿಮಂಡಲವನ್ನು ವಜಾ ಮಾಡಿತು.

ಆ ಕೂಟದಲ್ಲಿ ಇನ್ನೊಂದು ಪಕ್ಷವೂ ಇತ್ತು: ಪ್ರಜಾ ಸೋಷಲಿಸ್ಟ್ ಪಕ್ಷ. 1960ರ ಚುನಾವಣೆಯ ನಂತರ ಮುಖ್ಯಮಂತ್ರಿಯಾದ ಪಟ್ಟಂ ತಾಣು ಪಿಳ್ಳೆ ಆ ಪಕ್ಷದವರೇ. ಸಮಾಜವಾದಿಗಳೆನಿಸಿಕೊಂಡ ನಾವು ಈ ಪುಟವನ್ನು ಅಂಟಿಸಿ ಮುಚ್ಚುವುದು ಸರಿಯಲ್ಲ. ಪೊಲೀಸರ ಗೋಲಿಬಾರಿನ ಬಗ್ಗೆ, ಕಮ್ಯುನಿಸ್ಟರ ಪಕ್ಷಪಾತದ ಬಗ್ಗೆ ಅಂದಿನ ಸಮಾಜವಾದಿಗಳಿಗೆ ದೂರುಗಳಿದ್ದುವು ನಿಜ. ಆದರೆ ಸಂಬಳಕ್ಕಾಗಿ ಮ್ಯಾನೇಜರನ ಮುಖ ನೋಡುತ್ತಿದ್ದ ಉಪಾಧ್ಯಾಯನಿಗೆ ರಕ್ಷಣೆ ಕೊಡುವ ಶಾಸನದ ವಿರುದ್ಧ, ಭೂಸುಧಾರಣೆಯನ್ನು ಕಂಡು ಹೆದರಿದ ಜಮೀನುದಾರರ ಪಕ್ಕದಲ್ಲಿ ನಮ್ಮ ಹಿರಿಯರು ನಿಂತದ್ದು ತಪ್ಪಾಯಿತೆಂದೇ ನಾವು ಭಾವಿಸುತ್ತೇವೆ. ಬೇರೆಯವರ ಸಂಬಳದ ಪುಸ್ತಕ ಕೇಳುವವರು ತಮ್ಮ ಲೆಕ್ಕವನ್ನೂ ತೆರೆದಿಡಬೇಕು.

ಈಗ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಇಂದು ದೇಶದಲ್ಲಿ ಚರ್ಚುಗಳ ಮೇಲೆ ಕಲ್ಲು ಬೀಳುತ್ತಿರುವಾಗ, ಮತಾಂತರದ ಗುಲ್ಲೆಬ್ಬಿಸಿ ಸನ್ಯಾಸಿನಿಯರನ್ನು ರೈಲು ನಿಲ್ದಾಣಗಳಲ್ಲಿ ತಡೆಯುತ್ತಿರುವಾಗ, ಇಂಥ ಪ್ರಶ್ನೆ ಎತ್ತುವುದು ವೈರಿಗಳ ಕೈಗೆ ದೊಣ್ಣೆ ಕೊಟ್ಟಂತಲ್ಲವೆ ಎಂದು ಸ್ನೇಹಿತರು ಕೇಳುತ್ತಾರೆ. ನಮ್ಮ ನಿಲುವು ಸ್ಪಷ್ಟ. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ತಾವೇ ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ಕೊಟ್ಟಿದೆ. ಅದರ ಮೇಲೆ ಯಾರು ಕೈ ಹಾಕಿದರೂ ನಾವು ವಿರೋಧಿಸುತ್ತೇವೆ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನೂ, 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನೂ ತೆರೆದವರ ಉಪಕಾರವನ್ನು ಕನ್ನಡನಾಡು ಮರೆಯಲಾಗದು. ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ 1975ರಿಂದ ಒಂದು ದಶಕದ ಕಾಲ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದರು. ಆಮೇಲೆ ಜಾರ್ಖಂಡದ ಆದಿವಾಸಿಗಳ ನಡುವೆ ದುಡಿದರು. 2020ರಲ್ಲಿ ಬಂಧಿತರಾಗಿ, 84ನೆಯ ವಯಸ್ಸಿನಲ್ಲಿ, 2021ರ ಜುಲೈ 5ರಂದು ಬಂಧನದಲ್ಲಿರುವಾಗಲೇ ತೀರಿಕೊಂಡರು. ನ್ಯಾಯದ ಪಾಠವನ್ನು ಮೈಮೇಲೆ ಬರೆದುಕೊಂಡ ಮನುಷ್ಯ. ಅಂಥವರನ್ನು ಪಡೆದ ಸಮುದಾಯವನ್ನು ನಾವು ಪ್ರಶ್ನೆ ಕೇಳುವುದು ಗೌರವದಿಂದ, ವೈರದಿಂದಲ್ಲ.

ಆದರೆ ಶಾಲೆ ನಡೆಸುವ ಹಕ್ಕು ಕಡಿಮೆ ಸಂಬಳ ಕೊಡುವ ಹಕ್ಕಲ್ಲ. ಇದು ನಮ್ಮ ಮಾತಲ್ಲ, ಸುಪ್ರೀಂ ಕೋರ್ಟಿನದು. ದಿಲ್ಲಿಯ ಶಿಕ್ಷಣ ಕಾಯಿದೆ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳ ನೌಕರರನ್ನು ಸಂಬಳ, ಭದ್ರತೆಗಳ ಅಧ್ಯಾಯದಿಂದ ಹೊರಗಿಟ್ಟಿತ್ತು. ಫ್ರ್ಯಾಂಕ್ ಆಂಟನಿ ಶಾಲೆಯ ನೌಕರರ ಸಂಘ ಅದನ್ನು ಪ್ರಶ್ನಿಸಿತು. ಅದು ಆಂಗ್ಲೋ-ಇಂಡಿಯನ್ ಶಾಲೆ, ಕ್ಯಾಥೊಲಿಕ್ ಶಾಲೆಯಲ್ಲ. ಆದರೆ ಪ್ರಶ್ನೆ ಅದೇ. ಉಪಾಧ್ಯಾಯರಿಗೆ ತಕ್ಕ ಸಂಬಳ ಗೊತ್ತುಮಾಡುವುದರಿಂದ ಅಲ್ಪಸಂಖ್ಯಾತರ ಹಕ್ಕಿಗೆ ಭಂಗವಿಲ್ಲ, ಅದರಿಂದ ಶಾಲೆಯ ಗುಣಮಟ್ಟ ಹೆಚ್ಚುತ್ತದೆ ಎಂದು 1986ರಲ್ಲಿ ತೀರ್ಪು ಬಂತು. ಉಪಾಧ್ಯಾಯರು ಗ್ರಾಚ್ಯುಯಿಟಿಗೆ ಬಾಧ್ಯರಲ್ಲವೆಂದು 2004ರಲ್ಲಿ ನ್ಯಾಯಾಲಯ ಹೇಳಿದಾಗ, ಸಂಸತ್ತು 2009ರಲ್ಲಿ ಕಾಯಿದೆಯನ್ನೇ ತಿದ್ದಿ ಆ ಹಕ್ಕನ್ನು ಕೊಟ್ಟಿತು. ಖಾಸಗಿ ಶಾಲೆಗಳ ತಕರಾರು 2022ರಲ್ಲಿ ತಳ್ಳಿಹೋಯಿತು. ಉದಾತ್ತ ವೃತ್ತಿಯವರು ಒಟ್ಟಾಗಿ ಕೂಗಿದಾಗ ಗೋಡೆ ಅಲುಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಸಂಬಳದ ಪುಸ್ತಕದ ಪಕ್ಕದಲ್ಲಿಯೇ ಶಾಲೆಯಲ್ಲಿ ಇನ್ನೊಂದು ಪುಸ್ತಕವಿರುತ್ತದೆ, ಮಕ್ಕಳನ್ನು ಸೇರಿಸಿಕೊಳ್ಳುವ ಪುಸ್ತಕ. ನ್ಯಾಯದ ಪಾಠಕ್ಕೆ ಅದೂ ಪರೀಕ್ಷೆಯೇ. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳ ಮೊದಲ ತರಗತಿಯಲ್ಲಿ ನೂರಕ್ಕೆ 25 ಜಾಗಗಳನ್ನು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಮೀಸಲಿಟ್ಟಿತು. ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ಬಗ್ಗೆಯೇ 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಸಂದೇಹ ವ್ಯಕ್ತಪಡಿಸಿತು. ನ್ಯಾಯಾಲಯ ಏನೇ ಹೇಳಲಿ, ಬಡವನ ಮಗುವಿಗೆ ಬಾಗಿಲು ತೆರೆಯಬೇಡಿ ಎಂದು ಯಾವ ಕಾನೂನೂ ಯಾರಿಗೂ ಹೇಳಿಲ್ಲ. ಇಲ್ಲಿಯೂ ಕೋಲಿಲ್ಲ, ಆತ್ಮಸಾಕ್ಷಿ ಮಾತ್ರ ಇದೆ.

ಆತ್ಮಸಾಕ್ಷಿಯಿಂದಲೇ ಶಾಲೆ ನಡೆಸಿದವರೊಬ್ಬರನ್ನು ಇಲ್ಲಿ ನೆನೆಯುವುದು ತಕ್ಕದ್ದು. ಇಟಲಿಯ ಪಾದ್ರಿ ಲೊರೆಂಝೊ ಮಿಲಾನಿ ಮೊದಲು ಇದ್ದುದು ಫ್ಲಾರೆನ್ಸ್ ಬಳಿಯ ಕಲೆಂಝಾನೊದಲ್ಲಿ. ಹತ್ತಿರದ ಪ್ರಾಟೊ ಪಟ್ಟಣ ನೇಯ್ಗೆ ಗಿರಣಿಗಳ ಊರು. ದುಡಿದು ಬಂದ ಯುವಕರಿಗಾಗಿ ಮಿಲಾನಿ ರಾತ್ರಿ ಶಾಲೆ ತೆರೆದರು. ಕಮ್ಯುನಿಸ್ಟರ ಮನೆಯ ಹುಡುಗರಿಗೂ ಸಂಕೋಚವಾಗದಿರಲೆಂದು ತರಗತಿಯ ಗೋಡೆಯಿಂದ ಶಿಲುಬೆಯನ್ನೇ ಇಳಿಸಿದರು. ಮೇಲಿನವರಿಗೆ ಇದೆಲ್ಲ ಹಿಡಿಸಲಿಲ್ಲ. 1954ರಲ್ಲಿ ಅವರನ್ನು ಬಾರ್ಬಿಯಾನಾ ಎಂಬ ಗುಡ್ಡಗಾಡಿನ ಕೊಂಪೆಗೆ ಕಳಿಸಿದರು. ಅಲ್ಲಿ ಅವರು ಸರಕಾರಿ ಶಾಲೆಗಳಲ್ಲಿ ನಪಾಸಾಗಿ ಹೊರಬಿದ್ದ ರೈತರ, ಕುರುಬರ ಮಕ್ಕಳನ್ನು ಕೂಡಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ, ರಜೆಯಿಲ್ಲದೆ ಪಾಠ ನಡೆಸಿದರು. ಪತ್ರಿಕೆ ಓದುವುದು ಅಲ್ಲಿ ಪಾಠದ ಭಾಗ. ದೊಡ್ಡವರು ಸಣ್ಣವರಿಗೆ ಕಲಿಸಬೇಕು. ಹಿಂದುಳಿದವನು ಕಲಿಯುವವರೆಗೆ ಪಾಠ ಮುಂದಕ್ಕೆ ಹೋಗದು. ಬಡವರ ಮಕ್ಕಳನ್ನು ಶಾಲೆಗಳು ಹೇಗೆ ಹೊರಗೆ ತಳ್ಳುತ್ತವೆ ಎಂಬುದನ್ನು ಆ ಹುಡುಗರೇ ಸೇರಿ ಅಂಕಿಅಂಶಗಳೊಡನೆ ಬರೆದ ಪುಸ್ತಕ 1967ರಲ್ಲಿ ಹೊರಬಂತು. ಅದೇ ವರುಷ ಜೂನ್ 26ರಂದು ಮಿಲಾನಿ 44ನೆಯ ವಯಸ್ಸಿನಲ್ಲಿ ತೀರಿಕೊಂಡರು. ಐವತ್ತು ವರುಷಗಳ ನಂತರ, 2017ರಲ್ಲಿ, ಪರಮಗುರು ಫ್ರಾನ್ಸಿಸ್ ಅವರ ಸಮಾಧಿಗೆ ಹೋಗಿ ಪ್ರಾರ್ಥಿಸಿದರು. ಬದುಕಿದ್ದಾಗ ಗುಡ್ಡಕ್ಕೆ, ಸತ್ತ ಮೇಲೆ ಗುಡ್ಡ ಹತ್ತಿ ನಮಸ್ಕಾರ. ನಮ್ಮ ನಾಡಿನ ಸಂತರ ಕಥೆಯೂ ಬಹಳಷ್ಟು ಸಲ ಹೀಗೆಯೇ.

ಮಿಲಾನಿಯ ಹಾಗೆ ಬಾಳಿರಿ ಎಂದು ನಮ್ಮ ಊರಿನ ಶಾಲೆಗಳನ್ನು ನಾವು ಕೇಳುತ್ತಿಲ್ಲ. ನಾವು ಕೇಳುವುದು ನಾಲ್ಕೇ ಸಂಗತಿ. ಒಂದು, ಉಪಾಧ್ಯಾಯರಿಂದ ಹಿಡಿದು ಆಯಾ, ಜಾಡಮಾಲಿ, ವ್ಯಾನಿನ ಚಾಲಕರವರೆಗೆ ಎಲ್ಲರ ಸಂಬಳದ ದರವನ್ನು ಶಾಲೆಯ ಹಲಗೆಯ ಮೇಲೆ ಬರೆದು ಹಾಕಲಿ. ಎರಡು, ರುಜು ಹಾಕಿಸಿದ ಮೊತ್ತವೂ ಕೈಗೆ ಕೊಟ್ಟ ಮೊತ್ತವೂ ಒಂದೇ ಆಗಿರಲಿ. ಮೂರು, ನೌಕರರು ಸಂಘ ಕಟ್ಟಿಕೊಂಡರೆ ಅದರ ಪ್ರತಿನಿಧಿಗಳೊಡನೆ ಕುರ್ಚಿಯಲ್ಲಿ ಕೂತು ಮಾತಾಡಲಿ. ನಾಲ್ಕು, ಕಾನೂನು ಕೇಳಲಿ ಬಿಡಲಿ, ಪ್ರತಿ ತರಗತಿಯಲ್ಲಿ ನೂರಕ್ಕೆ 25 ಜಾಗಗಳನ್ನು ಫೀಜು ಕಟ್ಟಲಾರದವರ ಮಕ್ಕಳಿಗೆ, ಅವರ ಜಾತಿ ಮತ ಕೇಳದೆ ಕೊಡಲಿ. ಕ್ಯಾಥೊಲಿಕ್ ಶಾಲೆಗಳು ಇದರಲ್ಲಿ ಮುಂದಾದರೆ ಮಠದ ಶಾಲೆಗಳಿಗೂ ಟ್ರಸ್ಟಿನ ಶಾಲೆಗಳಿಗೂ ಮುಖ ತಪ್ಪಿಸಿಕೊಳ್ಳಲು ದಾರಿಯಿರದು.

ಕೊನೆಯ ಮಾತು ನಮ್ಮ ವಾಚಕರಿಗೇ. ಉಪಾಧ್ಯಾಯರ ಸಂಬಳ ಹೆಚ್ಚಿದರೆ ನಮ್ಮ ಫೀಜು ಹೆಚ್ಚುತ್ತದೆ ಎಂದು ಅಂಗಡಿಕಾರ ಮಿತ್ರರು ಹೆದರಬಹುದು. ಹೆದರಿಕೆ ಸುಳ್ಳಲ್ಲ. ಆದರೆ ನೀವು ಕೊಟ್ಟ ಫೀಜಿನಲ್ಲಿ ಎಷ್ಟು ಪಾಲು ಪಾಠ ಹೇಳುವವರಿಗೆ ಹೋಯಿತು, ಎಷ್ಟು ಪಾಲು ಹೊಸ ಕಟ್ಟಡದ ಬಣ್ಣದ ಗಾಜಿಗೆ ಹೋಯಿತು ಎಂದು ಎಂದಾದರೂ ಕೇಳಿದ್ದೀರಾ? ಅಂಗಡಿಯಲ್ಲಿ ಒಂದು ಸೇರು ಅಕ್ಕಿಗೆ ಲೆಕ್ಕ ಕೇಳುವ ನೀವು ಮಗಳ ವಿದ್ಯೆಗೆ ಲೆಕ್ಕ ಕೇಳದಿರುವುದೇಕೆ? ಗಿರಣಿಯ ಸೋದರರಿಗೂ ಇದೇ ಮಾತು. ನಿಮ್ಮ ಮುಷ್ಕರದ ದಿನಗಳಲ್ಲಿ ಉಪಾಧ್ಯಾಯರು ದೂರ ನಿಂತರೆಂದು ನೀವು ದೂರುತ್ತೀರಿ. ಅವರ ಕಷ್ಟದ ದಿನ ನೀವು ಹತ್ತಿರ ಹೋದದ್ದುಂಟೆ?

ಮುಂದಿನ ಸಲ ಪಾಲಕರ ಸಭೆಗೆ ಹೋದಾಗ ಮಗುವಿನ ಅಂಕಪಟ್ಟಿಗೆ ರುಜು ಹಾಕಿದ ಮೇಲೆ ಒಂದು ಗಳಿಗೆ ನಿಂತುಕೊಳ್ಳಿ. ಈ ಶಾಲೆಯಲ್ಲಿ ನ್ಯಾಯದ ಪಾಠ ಹೇಳುವವರಿಗೆ ನೀವು ಕೊಡುವ ಸಂಬಳ ಎಷ್ಟು ಎಂದು ವಿನಯದಿಂದ, ಗಟ್ಟಿಯಾಗಿ ಕೇಳಿ. ಒಬ್ಬರು ಕೇಳಿದರೆ ಅಧಿಕಪ್ರಸಂಗವೆನ್ನುತ್ತಾರೆ. ನೂರು ಮಂದಿ ಕೇಳಿದರೆ ಪುಸ್ತಕ ತೆರೆಯುತ್ತಾರೆ.